ಎಂಬತ್ತೆಂಟು ಸಾವಿರ ಹೂಬತ್ತಿ

ನಾನು ದೇವರಿಗೆ ಹೆದರುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಮೂವತ್ತು ವರ್ಷದಿಂದ ಶಿರಸಿ ಪೇಟೆಯಲ್ಲಿ ರವಿಕೆ ಹೊಲಿಯುತ್ತಿದ್ದೇನೆ. ಅಮಾವಾಸ್ಯೆಯ ದಿನ ಹೊಸ ಬಟ್ಟೆಗೆ ಕತ್ತರಿ ತಾಗಿಸಬೇಡ ಅಂದವರ ಬಟ್ಟೆಯನ್ನು ಅಮಾವಾಸ್ಯೆಯ ದಿನವೇ ಕತ್ತರಿಸಿ ಕೊಟ್ಟಿದ್ದೇನೆ. ಅವರೆಲ್ಲ ಅದನ್ನು ತೊಟ್ಟು ಮದುವೆಗೆ ಹೋಗಿ, ಹೊಟ್ಟೆ ತುಂಬ ಉಂಡು, ಸುಖವಾಗಿ ವಾಪಸು ಬಂದಿದ್ದಾರೆ. ಅಂಥ ನಾನು ಈ ಜನವರಿಯ ಒಂದು ಮಧ್ಯಾಹ್ನ, ಕಡಲೆಕಾಳಿನಷ್ಟು ಹತ್ತಿಗೆ ಹೆದರಿ ಕೂತಿದ್ದೆ.

ದೇವಕಿ ನನ್ನ ಗೆಳತಿ. ಅವಳು ಹುಲೇಕಲ್ಲಿನ ಭಟ್ಟರ ಮನೆಯ ಮಗಳು, ನಾನು ಸಿದ್ದಾಪುರ ಮನ್ಮನೆಯ ನಾಯ್ಕರ ಮಗಳು ಮಮತಾ. ಇಪ್ಪತ್ತೆರಡು ವರ್ಷದ ಹಿಂದೆ ಅವಳ ಮಗಳು ಸ್ಫೂರ್ತಿಯ ಶಾಲೆಯ ಅಂಗಿ ಹೊಲಿದುಕೊಟ್ಟೆ. ಅದು ಬಿಗಿಯಾಯಿತು ಅಂತ ಜಗಳಕ್ಕೆ ಬಂದವಳು ಚಹಾ ಕುಡಿದು ಹೋದಳು. ಆವತ್ತಿನಿಂದ ಶುರುವಾದದ್ದು. ಸ್ಫೂರ್ತಿ ನನ್ನ ಹೊಲಿಗೆ ಯಂತ್ರದ ಕೆಳಗೆ ಕೂತು ಚಿಂದಿ ಬಟ್ಟೆಯಲ್ಲಿ ಗೊಂಬೆ ಮಾಡುತ್ತ ಬೆಳೆದ ಹುಡುಗಿ. ಈಗ ಉಮ್ಮಚಗಿಯಲ್ಲಿದ್ದಾಳೆ, ಗಂಡ ಚಿರಂತನ ಅಲ್ಲಿ ಕಾಳುಮೆಣಸಿನ ಸಸಿಗಳ ನರ್ಸರಿ ಇಟ್ಟಿದ್ದಾನೆ.

ಆ ಹುಡುಗಿಗೆ ಎರಡು ಸಲ ಹೋಗಿತ್ತು. ಮೊದಲನೆಯದು ಮೂರು ತಿಂಗಳಿಗೆ. ಎರಡನೆಯದು ಐದನೆಯ ತಿಂಗಳಲ್ಲಿ. ಆ ಕೂಸಿಗೆ ಬೆರಳಿನಲ್ಲಿ ಉಗುರು ಮೂಡುತ್ತಿತ್ತು ಅಂತ ದೇವಕಿ ನನಗೊಬ್ಬಳಿಗೇ ಹೇಳಿದ್ದಳು. ಮೂರನೆಯದು ನಿಂತಿದೆ ಅಂತ ಗೊತ್ತಾದ ದಿನವೇ ಅವಳು ದೇವರಿಗೆ ಲಕ್ಷಬತ್ತಿ ಹೇಳಿಕೊಂಡುಬಿಟ್ಟಳು. ಒಂದು ಲಕ್ಷ ಹೂಬತ್ತಿ, ಅಂಗಡಿಯದಲ್ಲ, ಕೈಯಲ್ಲೇ ಮಾಡಿದ್ದು. ಮಗು ಕೈಗೆ ಬರುವುದರೊಳಗೆ ಊರ ದೇವಸ್ಥಾನದಲ್ಲಿ ಹಚ್ಚುವುದು.

ಹೂಬತ್ತಿ ಮಾಡುವುದು ಬ್ರಹ್ಮವಿದ್ಯೆಯಲ್ಲ. ಬೀಜ ಬಿಡಿಸಿದ ಹತ್ತಿಯನ್ನು ಚೂರು ಎಳೆದು, ಅಂಗೈಯಲ್ಲಿ ಉಂಡೆ ಮಾಡಿ, ಮೇಲಿನ ತುದಿಯನ್ನು ಹಾಲಲ್ಲಿ ಅದ್ದಿದ ಬೆರಳಿನಿಂದ ಹೊಸೆದು ಮೊನೆ ಮಾಡಬೇಕು. ಹಾಲಿಲ್ಲದಿದ್ದರೆ ಮೊನೆ ನಿಲ್ಲುವುದಿಲ್ಲ. ದೇವಕಿಯ ಕಟ್ಟುನಿಟ್ಟು ಬೇರೆ: ಸ್ನಾನ ಮಾಡಿಯೇ ಕೂರಬೇಕು, ಏನನ್ನೂ ತಿನ್ನುತ್ತ ಮಾಡಬಾರದು, ಶುರು ಮಾಡಿದ ನೂರನ್ನು ಅರ್ಧಕ್ಕೆ ಬಿಟ್ಟು ಏಳಬಾರದು. ನಾನು ಸೇರಬಹುದೋ ಇಲ್ಲವೋ ಎಂದು ಅವಳ ನಾದಿನಿ ರಾಗ ಎಳೆದಾಗ, "ಮಮತನ ಕೈ ಹೇಳಿರೆ ಯನ್ನ ಕೈಯೇಯ" ಅಂದು ಬಾಯಿ ಮುಚ್ಚಿಸಿದ್ದಳು. ಅಷ್ಟು ಹೇಳಿದ ಮೇಲೆ ನಾನು ದೇವರಿಗೆ ಹೆದರುತ್ತೇನೋ ಬಿಡುತ್ತೇನೋ, ಹೋಗಿ ಕೂತೆ. ಕಾರ್ತಿಕ ಹುಣ್ಣಿಮೆಯಿಂದ ದಿನಾ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಕೂತಿದ್ದೇನೆ.

ಇನ್ನು ವೈನಿನ ವಿಷಯ. ನಮ್ಮ ಅಣ್ಣನ ಮಗ ಸುಭಾಷ ನಾಶಿಕದ ಹತ್ತಿರ ವೈನು ಮಾಡುವಲ್ಲಿ ಕೆಲಸಕ್ಕಿದ್ದಾನೆ, ಬಂದವರಿಗೆ ರುಚಿ ತೋರಿಸುವ ಕೆಲಸ. ಅಂಥದ್ದೂ ಒಂದು ಕೆಲಸವೋ ಅಂತ ನಾನು ನಗುತ್ತಿದ್ದೆ. ಈ ಸಲ ಬಂದವನು ಒಂದು ಬಾಟಲಿ ಕೊಟ್ಟು, "ಅತ್ತೆ, ಇದು ಹದಿನೆಂಟು ತಿಂಗಳು ಮರದ ಪೀಪಾಯಲ್ಲಿ ಇದ್ದದ್ದು. ಕಷಾಯ ಕುಡಿದ ಹಾಗೆ ಗಟಗಟ ಕುಡೀಬೇಡ" ಅಂತ ಅರ್ಧ ಗಂಟೆ ಪಾಠ ಮಾಡಿದ. ಮುಚ್ಚಳ ತೆಗೆದು ಗಾಳಿಗೆ ಬಿಡಬೇಕು, ಆಡಿಸಬೇಕು, ಮೂಗಿಟ್ಟು ನೋಡಬೇಕು, ಬಾಯಲ್ಲಿ ನಿಲ್ಲಿಸಿ ಆಮೇಲೆ ನುಂಗಬೇಕು. ನನಗೆ ಕೂಡಲೇ ದೇವಕಿಯ ನೆನಪಾಯಿತು. ಹಿಂದೆ ಒಮ್ಮೆ ಯಲ್ಲಾಪುರದ ಬಸ್ಸಿನಲ್ಲಿ ಅವಳು ನನ್ನ ಕಿವಿಗೆ ಬಾಯಿ ಇಟ್ಟು, "ಸಾಯದ್ರೊಳಗೆ ಒಂದ್ಸಲ ಆ ಕೆಂಪು ವೈನಿನ ರುಚಿ ನೋಡವು ಮಾರಾಯ್ತಿ" ಅಂದಿದ್ದಳು. ಆಮೇಲೆ ತಾನೇ ಹೆದರಿ ಹಿಂದಿನ ಸೀಟಿನಲ್ಲಿ ಯಾರಿದ್ದಾರೆ ಅಂತ ತಿರುಗಿ ನೋಡಿದ್ದಳು.

ಆವತ್ತು ಅವಳ ಗಂಡ ಗಣಪಣ್ಣ ಸೊಸೈಟಿಯ ಮೀಟಿಂಗಿಗೆ ಹುಲೇಕಲ್ಲಿಗೆ ಹೋಗಿದ್ದ. ಆರು ಗಂಟೆಯವರೆಗೆ ಬರುವ ಹಾಗಿರಲಿಲ್ಲ. ನಾನು ಬಾಟಲಿಯನ್ನು ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ಒಯ್ದೆ. ದೇವಕಿ ಅದನ್ನು ನೋಡಿ ಮೊದಲು ಬಾಗಿಲ ಚಿಲಕ ಹಾಕಿದಳು, ಆಮೇಲೆ ನಕ್ಕಳು.

"ಈ ನೂರು ಮುಗೀಲಿ. ಆಮೇಲೆ" ಅಂದಳು.

ನೂರರಲ್ಲಿ ಇನ್ನೂ ಅರವತ್ತು ಬಾಕಿ ಇತ್ತು. ಮುಚ್ಚಳ ತೆಗೆದಾಗಿತ್ತು. ನನ್ನದು ಹುಟ್ಟುಗುಣ, ಕೂಸು ಹುಟ್ಟುವ ಮೊದಲೇ ಕುಲಾವಿ. "ನಿಮ್ಮ ದೇವರು ನಮ್ಮ ಬಾಯಿ ಮೂಸಿ ನೋಡ್ತಾ ಕೂತಿಲ್ಲ, ಒಂದೇ ಒಂದು ಗುಟುಕು" ಅಂದೆ. ಅವಳು ಬೇಡ ಬೇಡ ಅನ್ನುತ್ತಲೇ ಒಳಗೆ ಹೋಗಿ ಎರಡು ಸ್ಟೀಲಿನ ಬಟ್ಟಲು ತಂದಳು. ಲೋಟದಲ್ಲಿ ಆಡಿಸಲು ಬರುವುದಿಲ್ಲವಂತೆ. ಅವು ಅವಳ ಮದುವೆಗೆ ಬಂದ ಆರು ಬಟ್ಟಲಿನ ಸೆಟ್ಟು. ಅದೇ ಸೆಟ್ಟಿನ ಇನ್ನೊಂದು ಬಟ್ಟಲಲ್ಲಿ ನಮ್ಮಿಬ್ಬರ ನಡುವೆ ಹಾಲಿತ್ತು.

ಸುರಿಯುವಾಗ ಬಾಟಲಿಯ ಬಾಯಿಂದ ಎರಡು ಹನಿ ಇಳಿಯಿತು, ದೇವಕಿ ಬೆರಳಿನಿಂದ ಒರೆಸಿದಳು. ನಾವಿಬ್ಬರೂ ಸುಭಾಷ ಹೇಳಿದ ಹಾಗೆ ಬಟ್ಟಲು ಆಡಿಸಿ ಮೂಗಿಟ್ಟೆವು. ನನಗೆ ಮೊದಲು ನೇರಳೆ ಹಣ್ಣು ಬಂತು, ಆಮೇಲೆ ಹೊಸದಾಗಿ ಕೊಯ್ದ ಹಲಗೆ. ದೇವಕಿ ಕಣ್ಣು ಮುಚ್ಚಿ ಬಾಯಲ್ಲಿ ಹಿಡಿದುಕೊಂಡಳು, ಎಷ್ಟು ಹೊತ್ತೆಂದರೆ ನುಂಗುತ್ತಾಳೋ ಇಲ್ಲವೋ ಅಂತ ನನಗೆ ಅನುಮಾನವಾಯಿತು.

"ಮೆಣಸಿನಕಾಳು ಇದ್ದು ಇದ್ರಲ್ಲಿ" ಅಂದಳು. "ಕಡೆಗೆ ಒಗರು. ಅಡಿಕೆ ಬೇಯ್ಸಿದ ಚೊಗರಿನಾಂಗೆ ನಾಲಗೆ ಹಿಡಕತ್ತು. ಆದ್ರೆ ಚೊಲೋ ಇದ್ದು ಕಾಣ್ತು."

"ಕಾಣ್ತು ಎಂತದು, ಇದೆ ಅಂತ ಹೇಳು."

"ಇದ್ದು" ಅಂದು ಅವಳು ಹುಡುಗಿಯ ಹಾಗೆ ನಕ್ಕಳು. ಇನ್ನೊಂದು ಗುಟುಕು ಕುಡಿದಳು. ಅವಳು ಅಷ್ಟು ಸಲೀಸಾಗಿ ನಕ್ಕಿದ್ದನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ, ನನಗೆ ಬಹಳ ಖುಷಿಯಾಯಿತು.

ಮಾತಾಡುತ್ತ ಕೈ ತನ್ನಷ್ಟಕ್ಕೇ ನಡೆಯುತ್ತಿತ್ತು. ಎರಡೂವರೆ ತಿಂಗಳು ದಿನಾ ಮಾಡಿದ ಕೈ, ಅದಕ್ಕೆ ಕಣ್ಣು ಬೇಕಾಗಿರಲಿಲ್ಲ. ಅಲ್ಲೇ ಎಡವಟ್ಟಾಯಿತು. ಒಂದು ಬತ್ತಿಯ ಮೊನೆ ಹೊಸೆದು ನೋಡುತ್ತೇನೆ, ಗುಲಾಬಿ ಬಣ್ಣ. ಬೆರಳು ಹಾಲಿನ ಬಟ್ಟಲಿಗೆ ಹೋಗದೆ ನನ್ನ ಬಟ್ಟಲಿಗೆ ಹೋಗಿತ್ತು.

ದೇವಕಿ ಕಿಟಕಿಯ ಕಡೆ ನೋಡುತ್ತ ಏನೋ ಹೇಳುತ್ತಿದ್ದಳು. ನಾನು ಆ ಬತ್ತಿಯನ್ನು ಎಸೆಯಬಹುದಿತ್ತು. "ಅಯ್ಯೋ, ನೋಡೇ" ಅಂತ ತೋರಿಸಿದ್ದರೆ ಅವಳು ಬೈದು ಹೊರಗೆ ಹಾಕುತ್ತಿದ್ದಳು, ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷ ಹೊಲಿದವಳ ಚಾಳಿ ನನ್ನದು. ಹೊಲಿಗೆ ಸೊಟ್ಟಗಾದರೆ ಬಿಚ್ಚುವುದಿಲ್ಲ, ಒಳಮಡಿಕೆಗೆ ತಳ್ಳಿಬಿಡುತ್ತೇನೆ, ಗಿರಾಕಿಗೆ ಕಾಣಬಾರದು ಅಷ್ಟೆ. ಆ ಬತ್ತಿಯನ್ನೂ ತಟ್ಟೆಯಲ್ಲಿದ್ದ ಬತ್ತಿಗಳ ಅಡಿಗೆ ತಳ್ಳಿದೆ. ಸ್ವಲ್ಪ ಹೊತ್ತಿಗೆ ನೂರು ತುಂಬಿತು. ದೇವಕಿ ತಟ್ಟೆಯನ್ನು ಬಿದಿರಿನ ದೊಡ್ಡ ಬುಟ್ಟಿಗೆ ಸುರಿದು, "ಎಂಬತ್ತೆಂಟು ಸಾವಿರ ಆತು" ಅಂದಳು.

ಆಗ ಫೋನ್ ಬಂತು.

ಚಿರಂತನನ ದನಿ ನನಗೂ ಕೇಳುತ್ತಿತ್ತು. "ಅತ್ತೆ, ಸ್ಫೂರ್ತಿಗೆ ರಕ್ತ ಕಾಣಿಸ್ಕಂಜು. ಕಾರಲ್ಲಿ ಮಲಗಿಸ್ಕಂಡು ಬರ್ತಾ ಇದ್ದಿ. ನಿಂಗ ಸೀದಾ ಆಸ್ಪತ್ರೆಗೇ ಬನ್ನಿ." ಹಿಂದಿನಿಂದ ಸ್ಫೂರ್ತಿ ಏನೋ ಅನ್ನುತ್ತಿದ್ದಳು, ಮಾತು ತಿಳಿಯಲಿಲ್ಲ, ಅಳು ತಿಳಿಯಿತು.

ದೇವಕಿ ಫೋನನ್ನು ನೆಲದ ಮೇಲಿಟ್ಟಳು. ತನ್ನ ಬಟ್ಟಲನ್ನು ನೋಡಿದಳು.

"ಆನು ಕುಡದ್ನಲೆ" ಅಂದಳು. "ಬತ್ತಿ ಮುಂದೆ ಕೂತ್ಕಂಡು ಕುಡದ್ನಲೆ, ಮಮತಾ."

"ಹುಚ್ಚಿ, ಅದಕ್ಕೂ ಇದಕ್ಕೂ ಎಂತ ಸಂಬಂಧ? ಏಳು, ಹೊರಡು."

ನನ್ನ ಬಾಯಿ ಹಾಗೆ ಹೇಳಿತು. ತಲೆ ಮಾತ್ರ ತಿಂಗಳು ಎಣಿಸುತ್ತಿತ್ತು. ಹಿಂದಿನ ಸಲವೂ ಐದನೆಯ ತಿಂಗಳು, ಈಗಲೂ ಐದನೆಯ ತಿಂಗಳು. ನಂಬದಿರುವುದು ಬೇರೆ, ಆ ಹೊತ್ತಿಗೆ ಹೆದರದಿರುವುದು ಬೇರೆ. ಆ ಎರಡೂ ಒಂದೇ ಅಂತ ಐವತ್ತನಾಲ್ಕು ವರ್ಷ ನಾನು ತಿಳಿದುಕೊಂಡಿದ್ದೆ.

ಅವಳು ಬಚ್ಚಲಿಗೆ ಓಡಿ ಬಾಯಿ ಮುಕ್ಕಳಿಸಿದಳು, ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಒದ್ದೆ ಕೂದಲಲ್ಲೇ ಬೇರೆ ಸೀರೆ ಸುತ್ತಿಕೊಂಡು ಬಂದಳು. ಅಷ್ಟರಲ್ಲಿ ನಾನು ಬಟ್ಟಲು ತೊಳೆದು, ಬಾಟಲಿಯನ್ನು ಬಿಗಿದು ಚೀಲದಲ್ಲಿ ಹಾಕಿಕೊಂಡಿದ್ದೆ. ಹೊರಡುತ್ತಾಳೆ ಅಂದುಕೊಂಡರೆ ಅವಳು ಬುಟ್ಟಿಯ ಮುಂದೆ ಕೂತಳು.

"ಕುಡದ್ದು ಆನು. ಬತ್ತಿ ಶುದ್ಧ ಇದ್ದು. ಐದು ಬತ್ತಿ ಹಚ್ಚಿ ಕೈ ಮುಗದು ಹೋಪನ."

ಶುದ್ಧ ಇದ್ದು ಅಂದಾಗ ನಾನು ಬುಟ್ಟಿಯ ಕಡೆ ನೋಡಿದೆ. ಕಡೆಯ ನೂರು ಮೇಲೇ ಇತ್ತು. ಅವಳ ಕೈ ಬುಟ್ಟಿಗೆ ಇಳಿಯುವುದನ್ನು ನೋಡುತ್ತ, "ತಡವಾಯ್ತು ದೇವಕಿ, ಆಟೋ ಸಿಕ್ಕೋದಿಲ್ಲ, ಆಮೇಲೆ ಹಚ್ಚಿದ್ರಾಯ್ತು" ಅಂತ ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವಳು ಕೇಳಲಿಲ್ಲ. ಒಂದು ಹಿಡಿ ತೆಗೆದು ಅಂಗೈ ಬಿಚ್ಚಿದಳು. ನಾನು ದೇವರಿಗೆ ಕೈ ಮುಗಿದೆ. ಸುಳ್ಳಲ್ಲ, ಸೆರಗಿನೊಳಗೆ ಎರಡೂ ಕೈ ಜೋಡಿಸಿ, ಕಾಣದಿರಲಿ ಅಂತ ಬೇಡಿಕೊಂಡೆ.

ಕಂಡಿತು. ಬಿಳಿಯ ನಡುವೆ ಅದೊಂದೇ ಗುಲಾಬಿ.

ಅವಳು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. ತನ್ನ ಬಲಗೈಯ ತೋರುಬೆರಳನ್ನು ನೋಡಿಕೊಂಡಳು. ಬಾಟಲಿ ಒರೆಸಿದ ಬೆರಳು, ಉಗುರಿನ ಸಂದಿಯಲ್ಲಿ ಇನ್ನೂ ಸ್ವಲ್ಪ ಕೆಂಪು ಇತ್ತು.

"ಯನ್ನ ಬೆರಳೇಯ" ಅಂದಳು. "ಯನ್ನ ಕೈಯಾರೆ."

ಆಗ ಹೇಳಬೇಕಿತ್ತು. ಒಂದೇ ಮಾತು. ಆದರೆ ನನ್ನ ಕಣ್ಣ ಮುಂದೆ ಅವಳ ನಾದಿನಿ ಬಂದಳು, ಗಣಪಣ್ಣ ಬಂದ, ಉಮ್ಮಚಗಿಯ ಬೀಗರು ಬಂದರು. ನಾಯ್ಕರ ಹೆಂಗಸು ಹೆಂಡ ತಂದು ಬತ್ತಿಗೆ ಹಾಕಿದಳಂತೆ, ಕೂಸು ಹೋಯಿತಂತೆ. ಅಷ್ಟು ಸಾಕು, ಆ ಮನೆಯ ಮೆಟ್ಟಿಲು ನಾನು ಮತ್ತೆ ತುಳಿಯುವ ಹಾಗಿಲ್ಲ. ಸ್ಫೂರ್ತಿಯ ಮುಖವನ್ನು ಮತ್ತೆ ನೋಡುವ ಹಾಗಿಲ್ಲ. ನಾನು ದೇವಕಿಯ ಕೈಯಿಂದ ಆ ಬತ್ತಿಯನ್ನು ಕಿತ್ತು ಎಸೆದು, ಅವಳನ್ನು ಎಬ್ಬಿಸಿ ನಡೆಸಿಕೊಂಡು ಹೋದೆ.

ನಾವು ಆಸ್ಪತ್ರೆ ಮುಟ್ಟಿ ಅರ್ಧ ತಾಸಿಗೆ ಕಾರು ಬಂತು. ಸ್ಫೂರ್ತಿಯನ್ನು ಸ್ಟ್ರೆಚರ್ ಮೇಲೆ ಇಳಿಸಿದರು. ಹುಡುಗಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು, ಬಿಟ್ಟರೆ ಬಿದ್ದುಹೋಗುತ್ತದೆ ಅನ್ನುವ ಹಾಗೆ. ತಾಯಿಯನ್ನು ಕಂಡದ್ದೇ ಕೇಳಿದಳು:

"ಆಯಿ, ಬತ್ತಿ ಎಷ್ಟಾತು?"

ದೇವಕಿ ಆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ನಾನೇ ಮುಂದೆ ಹೋಗಿ, "ಎಂಬತ್ತೆಂಟು ಸಾವಿರ ಆಯ್ತು ಪುಟ್ಟಿ, ಇನ್ನೇನು ಮುಗೀತು" ಅಂದೆ. "ಹೌದಾ?" ಅಂದು ಅವಳು ನನ್ನನ್ನು ನೋಡಿದ ರೀತಿ ಇದೆಯಲ್ಲ, ಅಷ್ಟು ನಂಬಿಕೆಯಿಂದ ನನ್ನನ್ನು ಇನ್ಯಾರೂ ನೋಡಿಲ್ಲ.

ಒಳಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಒಂದು ಸಲ ಹೊರಗೆ ಬಂದು, ಗರ್ಭದ ಬಾಯಿ ಸಡಿಲಾಗಿದೆ, ಹೊಲಿಗೆ ಹಾಕಿ ನೋಡುತ್ತೇನೆ, ನಿಂತರೆ ನಿಂತಿತು, ಈಗಲೇ ಏನೂ ಹೇಳುವ ಹಾಗಿಲ್ಲ ಅಂದರು. ಚಿರಂತನ ಔಷಧಿ ಚೀಟಿ ಹಿಡಿದು ಓಡಿದ. ನಾವಿಬ್ಬರೂ ಕಬ್ಬಿಣದ ಬೆಂಚಿನ ಮೇಲೆ ಕೂತೆವು. ನನ್ನ ಚೀಲ ನೆಲಕ್ಕೆ ತಾಗಿ ಠಣ್ ಅಂದಿತು, ಒಳಗೆ ಬಾಟಲಿ. ಎದುರಿಗೆ ಕೂತಿದ್ದ ಮುದುಕನೊಬ್ಬ ಚೀಲವನ್ನು ನೋಡಿದ. ನಾನು ಅದನ್ನು ಕಾಲಿನಿಂದ ಬೆಂಚಿನಡಿಗೆ ಸರಿಸಿದೆ. ಕುಂಬಳಕಾಯಿ ಕಳ್ಳನ ಹಾಗೆ ಆಮೇಲೂ ಎರಡು ಸಲ ಬಗ್ಗಿ ನೋಡಿದೆ.

ದೇವಕಿಯ ಕೈ ನನ್ನ ಕೈಯೊಳಗಿತ್ತು. ಅವಳು ಆ ಬೆರಳನ್ನು ಹೆಬ್ಬೆರಳಿನಿಂದ ಉಜ್ಜುತ್ತಲೇ ಇದ್ದಳು, ಚರ್ಮ ಕಿತ್ತು ಬರುವ ಹಾಗೆ. ಗೋಡೆಯ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು. ಮೂರೂವರೆಯಾಯಿತು. ಒಳಗಿಂದ ಯಾರೂ ಬರಲಿಲ್ಲ. ನಾಲ್ಕಾಯಿತು. ಬಾಗಿಲು ತೆರೆದಾಗೆಲ್ಲ ನಾನು ಅರ್ಧ ಏಳುತ್ತಿದ್ದೆ. ಪ್ರತಿ ಸಲವೂ ಬೇರೆ ಯಾರದೋ ಹೆಸರು ಕರೆದು ಮುಚ್ಚುತ್ತಿದ್ದರು.

"ಬೀಗ್ತಿಗೆ ಫೋನ್ ಮಾಡಿ ಹೇಳ್ಬುಡ್ತಿ" ಅಂದಳು ದೇವಕಿ ಇದ್ದಕ್ಕಿದ್ದಂತೆ. "ಆನು ಹಿಂಗಿಂಗೆ ಮಾಡ್ದಿ ಹೇಳಿ. ಸ್ಫೂರ್ತಿ ಮೇಲೆ ತಪ್ಪು ಹೊರಸೂದು ಬ್ಯಾಡ. ಹಿಂದಿನ ಸಲ ಅದು ಬಿಂದಿಗೆ ಎತ್ತಿದ್ದಕ್ಕೇ ಆತು ಹೇಳಿ ಎಲ್ಲರೂ ಅದ್ನೇ ಬೈದ. ಈ ಸಲ ತಪ್ಪು ಯನ್ನದು."

ಅವಳು ನಿಜವಾಗಿ ಫೋನ್ ತೆಗೆದಳು. ನಾನು ಅವಳ ಕೈ ಹಿಡಿದೆ.

"ಆ ಬತ್ತಿ ನಿನ್ನದಲ್ಲ. ನನ್ನದು. ಹಾಲು ಅಂತ ವೈನಿಗೆ ಬೆರಳು ಅದ್ದಿದ್ದು ನಾನು. ಕಂಡ ಮೇಲೂ ಅಡಿಗೆ ತಳ್ಳಿದ್ದು ನಾನು."

ಅವಳು ಫೋನನ್ನು ಮಡಿಲಿಗೆ ಇಳಿಸಿದಳು.

"ನಿಂಗೆ ಯಾವಾಗ ಗೊತ್ತಾತು?"

"ಆಗಲೇ."

"ಫೋನ್ ಬಪ್ಪಕ್ಕಿಂತ ಮುಂಚೆಯಾ?"

"ಹೌದು."

ಅವಳು ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ಬೈಯುತ್ತಾಳೆ ಅಂದುಕೊಂಡೆ, ಬೈದರೆ ಸಾಕು ಅಂದುಕೊಂಡೆ. ಅವಳು ದನಿ ಎತ್ತಲೇ ಇಲ್ಲ.

"ಬೆರಳು ಅದ್ದಿದ್ದು ದೊಡ್ಡದಲ್ಲ ಮಮತಾ. ಕೈ ತಪ್ತು, ಯನ್ನ ಕೈಯೂ ತಪ್ಪತಿತ್ತು. ಆದ್ರೆ ಇಷ್ಟು ಹೊತ್ತು ಆನು ಮೊಮ್ಮಗುನ ಕೊಂದಿ ಹೇಳಿ ಕೂತಿದ್ದಿ. ನೀ ಯನ್ನ ಕೈ ಹಿಡಕಂಡು ಪಕ್ಕದಲ್ಲೇ ಕೂತಿದ್ದೆ."

ನಾನು ಬೆಂಚಿನಡಿಯಿಂದ ಚೀಲ ಎಳೆದುಕೊಂಡೆ.

"ನೀ ಮನೆಗೆ ಹೋಗು" ಅಂದಳು.

ಹೋದೆ. ಚಿರಂತನನ ಮೆಸೇಜು ಸಂಜೆ ಆರಕ್ಕೆ ಬಂತು: ಹೊಲಿಗೆ ಹಾಕಿದ್ದಾರೆ, ಮಗುವಿನ ಎದೆಬಡಿತ ಇದೆ, ಎರಡು ದಿನ ಕಾಯಬೇಕು. ಎರಡು ದಿನ ನಾನು ಒಂದು ಗುಂಡಿಯನ್ನೂ ಹೊಲಿಯಲಿಲ್ಲ. ಮೂರನೆಯ ದಿನ ಇನ್ನೊಂದು ಮೆಸೇಜು: ಸದ್ಯಕ್ಕೆ ನಿಂತಿದೆ. ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ಅದನ್ನು ಓದಿ ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತೆ. ದೇವಕಿಯಿಂದ ಮಾತ್ರ ಸುದ್ದಿಯೇ ಇಲ್ಲ. ಒಂಬತ್ತು ದಿನ. ಫೋನ್ ಹೊಡೆದುಕೊಂಡಾಗೆಲ್ಲ ಕತ್ತರಿ ಕೆಳಗಿಟ್ಟು ಓಡುತ್ತಿದ್ದೆ, ಸ್ಫೂರ್ತಿಯ ಕೂಸು ಹೋಯಿತೋ, ಇಲ್ಲ ನನ್ನ ಗೆಳೆತನ ಹೋಯಿತೋ ಅಂತ.

ಹತ್ತನೆಯ ದಿನ ಅವಳೇ ಮಾಡಿದಳು. "ಬಾ" ಅಂದಳು, ಅಷ್ಟೆ. ಇಟ್ಟುಬಿಟ್ಟಳು.

ಸ್ನಾನ ಮಾಡಿಕೊಂಡು ಹೋದೆ. ಸ್ಫೂರ್ತಿಯನ್ನು ಅಲ್ಲಿಗೇ ಕರೆತಂದಿದ್ದರು. ಕಾಲ ಕಡೆ ಮಂಚದಡಿ ಇಟ್ಟಿಗೆ ಕೊಟ್ಟು ಒಳಕೋಣೆಯಲ್ಲಿ ಮಲಗಿಸಿದ್ದರು, ನಿದ್ದೆಯಲ್ಲಿದ್ದಳು. ನಿದ್ದೆಯಲ್ಲೂ ಕೈ ಹೊಟ್ಟೆಯ ಮೇಲೇ ಇತ್ತು. ದೇವಕಿ ಹೊರಗಿನ ಕೋಣೆಯಲ್ಲಿ ಹತ್ತಿ ಹಿಡಿದು ಕೂತಿದ್ದಳು. ಕಣ್ಣ ಸುತ್ತ ಕಪ್ಪಾಗಿತ್ತು. ಬಿದಿರಿನ ಬುಟ್ಟಿ ಖಾಲಿಯಾಗಿತ್ತು.

"ಬತ್ತಿ ಎಲ್ಲಿ?" ಅಂದೆ.

"ತೆಂಗಿನ ಬುಡಕ್ಕೆ ಹಾಕ್ಸಿದಿ."

"ಎಲ್ಲವನ್ನೂ? ಒಂದು ಬತ್ತಿಗೆ?"

"ಒಂದಲ್ಲ" ಅಂದಳು. "ಒಂದೊಂದೇ ತೆಗದು ನೋಡ್ದಿ, ಎಂಬತ್ತೆಂಟು ಸಾವಿರವನ್ನೂ. ಅಂಥದ್ದು ಇನ್ನೆರಡು ಸಿಕ್ತು."

ನನಗೆ ಗೊತ್ತಿದ್ದದ್ದು ಒಂದೇ. ಉಳಿದೆರಡು ನನ್ನದೋ, ಅವಳದೋ? ಕಿಟಕಿ ನೋಡುತ್ತ ಮಾತಾಡಿದ್ದು ಅವಳೂ ಹೌದು. ಅವಳು ಹೇಳಲಿಲ್ಲ, ನಾನು ಕೇಳುವ ಧೈರ್ಯ ಮಾಡಲಿಲ್ಲ.

"ಕೂತ್ಗ" ಅಂದಳು. "ಇನ್ನೂ ನಾಕು ತಿಂಗಳಿದ್ದು. ಒಂದರಿಂದ ಶುರು ಮಾಡವು."

ಕೂತೆ. ಹತ್ತಿ ಎಳೆದೆ, ಉಂಡೆ ಮಾಡಿದೆ. ಹಾಲಿನ ಬಟ್ಟಲನ್ನು ಎರಡು ಸಲ ನೋಡಿ ಬೆರಳು ಅದ್ದಿದೆ, ಆದರೂ ಮೊನೆ ಸೊಟ್ಟಗಾಯಿತು. ದೇವಕಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಆಮೇಲೆ ತಟ್ಟೆಗೆ ಹಾಕಿದಳು. ನನ್ನ ಕೆಲಸವನ್ನು ಅವಳು ಹಾಗೆ ನೋಡಿದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ತನ್ನದೊಂದು ಹೊಸೆದು, ಅದನ್ನೂ ಹಾಗೆಯೇ ಬೆಳಕಿಗೆ ಹಿಡಿದಳು. ಅದನ್ನು ಇನ್ನೂ ಹೆಚ್ಚು ಹೊತ್ತು ನೋಡಿದಳು.